ಕೈಯಾರೆ ಕಟ್ಟಿದ ವಿಮಾನ: ಎಂಜಿನ್‌ನ ಮೊದಲ ಸ್ಟಾರ್ಟ್ ಹೇಗೆ ಮಾಡಬೇಕು

ವರ್ಷಗಟ್ಟಲೆ ರಿವೆಟ್ ಹೊಡೆದು, ಉಪ್ಪುಕಾಗದ ಉಜ್ಜಿ, ವೈರ್ ಎಳೆದು, ಕೊನೆಗೂ ಎಂಜಿನ್ ಕೂರಿಸಿದ್ದೀರಿ. ಇನ್ನೇನು, ಕೀ ತಿರುಗಿಸಿದರೆ ಆಯ್ತು ಅನ್ನಿಸುತ್ತದೆ. ಮನೆಯವರು, ಗೆಳೆಯರು ಎಲ್ಲ ಫೋನ್ ಹಿಡಿದು ವಿಡಿಯೊ ಮಾಡಲು ತಯಾರಾಗಿರುತ್ತಾರೆ. ನನ್ನ ಮೊದಲ ಮಾತು ಇದೇ: ಆ ದಿನ ಯಾರನ್ನೂ ಕರೆಯಬೇಡಿ. ಜನ ಕಾಯುತ್ತಾ ನಿಂತಿದ್ದರೆ, ನಿಲ್ಲಿಸಬೇಕಾದ ಜಾಗದಲ್ಲಿ ನಿಲ್ಲಿಸಲು ಮನಸ್ಸು ಬರುವುದಿಲ್ಲ. ನಿಮ್ಮ ಜೊತೆ ಕೆಲಸ ಗೊತ್ತಿರುವ ಒಬ್ಬರಿದ್ದರೆ ಸಾಕು. ವಿಡಿಯೊ ಎರಡನೇ ಸ್ಟಾರ್ಟ್‌ಗೆ ಮಾಡಿದರಾಯ್ತು.

ಎಂಜಿನ್ ಓಡಲು ಆಯಿಲ್, ಪೆಟ್ರೋಲ್, ಕಿಡಿ ಬೇಕು. ಈ ಮೂರನ್ನೂ ಎಂಜಿನ್ ಸ್ಟಾರ್ಟ್ ಮಾಡದೆಯೇ ಒಂದೊಂದಾಗಿ ಪರೀಕ್ಷೆ ಮಾಡಿ ನೋಡಬಹುದು, ನೋಡಲೇಬೇಕು. ಹಾಗೆ ನೋಡಿ ಮುಗಿಸಿದ ಮೇಲೆ ಕೀ ತಿರುಗಿಸಿದರೆ ಹೊಸದಾಗಿ ಗೊತ್ತಾಗಬೇಕಾದ್ದು ತುಂಬ ಕಡಿಮೆ ಉಳಿದಿರುತ್ತದೆ. ನೋಡದೆ ತಿರುಗಿಸಿದರೆ ಎಲ್ಲ ತಪ್ಪುಗಳೂ ಒಟ್ಟಿಗೇ, ಅದೂ ಎದುರಿಗೆ ಪ್ರೊಪೆಲ್ಲರ್ ತಿರುಗುತ್ತಿರುವಾಗ ಗೊತ್ತಾಗುತ್ತವೆ.

ನನ್ನದು ರೋಟಾಕ್ಸ್ 912 ಯುಎಲ್‌ಎಸ್, 100 ಕುದುರೆ ಶಕ್ತಿಯದ್ದು. ಕೆಳಗಿನ ಅಂಕಿಗಳೆಲ್ಲ ಹೆಚ್ಚಾಗಿ ಅದರವು. ನಿಮ್ಮ ಎಂಜಿನ್‌ನ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಮ್ಯಾನುಯಲ್‌ನ ಆ ಪುಟಗಳನ್ನು ಪ್ರಿಂಟ್ ತೆಗೆದು ಕಾಕ್‌ಪಿಟ್‌ನಲ್ಲಿ ಕಣ್ಣಿಗೆ ಕಾಣುವ ಹಾಗೆ ಅಂಟಿಸಿ.

ಪೆಟ್ರೋಲ್ ಅಳೆದು ನೋಡಿ

ಪೆಟ್ರೋಲ್ ಬರುತ್ತಿದೆಯಾ ಅಂತ ನೋಡಿದರೆ ಸಾಲದು. ಎಷ್ಟು ಬರುತ್ತಿದೆ ಅಂತ ಅಳೆಯಬೇಕು. ಕಾರ್ಬುರೇಟರ್‌ಗೆ ಹೋಗುವ ಪೈಪನ್ನು ಬಿಚ್ಚಿ, ಅಳತೆಯ ಗುರುತು ಇರುವ ಜಗ್ಗಿಗೆ ಬಿಡಿ, ಒಂದು ನಿಮಿಷ ಗಡಿಯಾರ ನೋಡಿ. ಎರಡು ಕಾರ್ಬುರೇಟರ್ ಇದ್ದರೆ ಎರಡೂ ಪೈಪುಗಳದ್ದನ್ನು ಒಟ್ಟಿಗೆ ಹಿಡಿದು ಕೂಡಿಸಿ. ಪಂಪ್ ಇರುವ ವಿಮಾನದಲ್ಲಿ ಫುಲ್ ಥ್ರಾಟಲ್‌ಗೆ, ಅಂದರೆ ಎಂಜಿನ್ ಪೂರ್ತಿ ಜೋರಿನಲ್ಲಿ ಓಡಲು, ಬೇಕಾದ ಪೆಟ್ರೋಲ್‌ನ ಶೇ 125 ಬರಬೇಕು. ಪಂಪ್ ಇಲ್ಲದೆ ರೆಕ್ಕೆಯಿಂದ ತಾನಾಗಿ ಇಳಿದು ಬರುವ ವ್ಯವಸ್ಥೆ ಆಗಿದ್ದರೆ ಶೇ 150. ಯುಎಲ್‌ಎಸ್ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಲೆಕ್ಕ ಹಾಕಿದರೆ ಪಂಪ್ ಇದ್ದಾಗ ನಿಮಿಷಕ್ಕೆ ಸುಮಾರು 560 ಮಿಲಿ, ಪಂಪ್ ಇಲ್ಲದಿದ್ದರೆ ಸುಮಾರು 675 ಮಿಲಿ.

ಈ ಪರೀಕ್ಷೆಯನ್ನು ವಿಮಾನ ಮೂಗು ಎತ್ತಿ ಏರುವ ಭಂಗಿಯಲ್ಲಿಟ್ಟು ಮಾಡಬೇಕು. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇರುವಾಗಲೇ ಮಾಡಬೇಕು. ಟೇಕಾಫ್ ಆದ ತಕ್ಷಣ ಎಂಜಿನ್ ಜಾಸ್ತಿ ಪೆಟ್ರೋಲ್ ಕೇಳುವುದು ಆ ಭಂಗಿಯಲ್ಲೇ ಅಲ್ವಾ? ಬಯಲಿನಲ್ಲಿ, ನೆರಳಿನಲ್ಲಿ ಮಾಡಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ. ಲೋಹದ ಪಾತ್ರೆ ಬಳಸುವುದಾದರೆ ಅದನ್ನೂ ವಿಮಾನದ ಮೈಯನ್ನೂ ಒಂದು ವೈರ್‌ನಿಂದ ಜೋಡಿಸಿ, ಸ್ಥಿರವಿದ್ಯುತ್ತಿನ ಕಿಡಿ ಹಾರಬಾರದು.

ನನ್ನ ವಿಮಾನದಲ್ಲಿ ಬಲಗಡೆ ಟ್ಯಾಂಕ್ ಸರಿಯಾಗಿಯೇ ಕೊಟ್ಟಿತು. ಎಡಗಡೆಯದು ಮೊದಲ ಹತ್ತು ಸೆಕೆಂಡ್ ಚೆನ್ನಾಗಿ ಸುರಿದು ಆಮೇಲೆ ನಿಧಾನವಾಯಿತು. ಟ್ಯಾಂಕ್‌ನ ತಳದ ಜಾಲರಿ ಬಿಚ್ಚಿದೆ. ಉಗುರಿನಷ್ಟು ಅಗಲದ, ತೆಳ್ಳಗಿನ ಸೀಲೆಂಟ್‌ನ ಸಿಪ್ಪೆ ಜಾಲರಿಗೆ ಅಂಟಿಕೊಂಡಿತ್ತು. ಟ್ಯಾಂಕ್ ಮುಚ್ಚುವಾಗ ನಾನೇ ಹಚ್ಚಿದ ಸೀಲೆಂಟ್, ಅಂಚಿನಿಂದ ಎದ್ದು ಬಂದಿತ್ತು. ಪೆಟ್ರೋಲ್ ನಿಂತಿದ್ದಾಗ ಅದು ಎಲ್ಲೋ ತೇಲುತ್ತಿರುತ್ತದೆ, ಹರಿಯಲು ಶುರುವಾದ ಮೇಲೆ ಸೆಳೆತಕ್ಕೆ ಸಿಕ್ಕಿ ಜಾಲರಿಯ ಮೇಲೆ ಬಂದು ಕೂರುತ್ತದೆ. ಒಂದು ನಿಮಿಷ ಪೂರ್ತಿ ಹಿಡಿಯದೆ, ಐದು ಸೆಕೆಂಡ್ ನೋಡಿ "ಬರ್ತಾ ಇದೆ" ಅಂದುಕೊಂಡಿದ್ದರೆ ಅದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಎಲ್ಲ ಫಿಲ್ಟರ್, ಜಾಲರಿ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಿ. ಹೊಸ ಟ್ಯಾಂಕ್‌ನಲ್ಲಿ ಫೈಬರ್ ಪುಡಿ, ಅಲ್ಯೂಮಿನಿಯಂ ಚೂರು ಏನಾದರೂ ಇದ್ದೇ ಇರುತ್ತದೆ. ಏನೂ ಸಿಗದಿರುವವರೆಗೆ ಮತ್ತೆ ಮತ್ತೆ ಹರಿಸಿ.

ಆಯಿಲ್: ಗೇಜ್ ಮುಳ್ಳು ಏಳುವವರೆಗೆ ಮುಂದೆ ಹೋಗಬೇಡಿ

ಹೊಸದಾಗಿ ಕೂರಿಸಿದ ಎಂಜಿನ್‌ನ ಪೈಪುಗಳಲ್ಲಿ, ಕೂಲರ್‌ನಲ್ಲಿ ಇರುವುದು ಆಯಿಲ್ ಅಲ್ಲ, ಗಾಳಿ. ಹಾಗೇ ಸ್ಟಾರ್ಟ್ ಮಾಡಿದರೆ ಬೇರಿಂಗ್‌ಗಳು ಒಣಗಿದ ಸ್ಥಿತಿಯಲ್ಲಿ ಉಜ್ಜುತ್ತವೆ. ರೋಟಾಕ್ಸ್‌ನಲ್ಲಿ ಆಯಿಲ್ ಬೇರೆ ಟ್ಯಾಂಕ್‌ನಲ್ಲಿರುತ್ತದೆ, ಪಂಪ್ ಅದನ್ನು ಹೀರಿಕೊಳ್ಳಬೇಕು. ಅದಕ್ಕೆ ಕಂಪನಿಯೇ ಹೇಳಿದ ವಿಧಾನ ಇದೆ. ಪ್ರತಿ ಸಿಲಿಂಡರ್‌ನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಟ್ಯಾಂಕ್‌ಗೆ ವಾಪಸ್ ಬರುವ ಪೈಪ್ ಬಿಚ್ಚಿ, ಟ್ಯಾಂಕ್ ಕಡೆಯ ತೂತುಗಳನ್ನು ಮುಚ್ಚಿ, ಟ್ಯಾಂಕ್‌ಗೆ ಹೊರಗಿನಿಂದ ಗಾಳಿಯ ಒತ್ತಡ ಕೊಡುವುದು. 1 ಬಾರ್ ಮೀರಬಾರದು. ಆಮೇಲೆ ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಹೋಗಬೇಕು. ಸುಮಾರು 20 ಸುತ್ತಿಗೆ ಗೇಜ್‌ನಲ್ಲಿ ಒತ್ತಡ ಕಾಣಿಸುತ್ತದೆ, ಕೆಲವು ಸಲ ಇನ್ನೂ ಜಾಸ್ತಿ ಬೇಕಾಗುತ್ತದೆ. ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಆಯಿಲ್ ದಾರಿಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಮುಗಿದ ಮೇಲೆ ಮೊದಲು ಗಾಳಿಯ ಒತ್ತಡ ಇಳಿಸಿ, ಆಮೇಲೆ ಟ್ಯಾಂಕ್ ಮುಚ್ಚಳ ಮುಟ್ಟಿ. ಮರೆತರೆ ಮೂರು ಲೀಟರ್ ಆಯಿಲ್ ನಿಮ್ಮ ಮುಖದ ಮೇಲಿರುತ್ತದೆ.

ಈ ಕೆಲಸ ಮಾಡುವಾಗಲೇ ಎರಡು ಸಂಗತಿ ಖಾತ್ರಿ ಮಾಡಿಕೊಳ್ಳಿ. ಒಂದು, ಟ್ಯಾಂಕ್‌ನಿಂದ ಹೋಗುವ ಪೈಪ್, ವಾಪಸ್ ಬರುವ ಪೈಪ್ ಅದಲುಬದಲಾಗಿಲ್ಲ ಅಂತ ಬೆರಳಿಟ್ಟು ದಾರಿ ಹಿಡಿದು ನೋಡಿ. ಇನ್ನೊಂದು, ಹೀರುವ ಕಡೆಯ ಪೈಪ್‌ನ ಪ್ರತಿ ಕ್ಲಿಪ್ ಮುಟ್ಟಿ ನೋಡಿ. ಒತ್ತಡದ ಕಡೆ ಸಡಿಲ ಇದ್ದರೆ ಆಯಿಲ್ ಸೋರಿ ನೆಲದ ಮೇಲೆ ಕಾಣುತ್ತದೆ. ಹೀರುವ ಕಡೆ ಸಡಿಲ ಇದ್ದರೆ ಒಂದು ಹನಿಯೂ ಸೋರದೆ ಇರಬಹುದು, ಬದಲಿಗೆ ಪಂಪ್ ಗಾಳಿ ಕುಡಿಯುತ್ತದೆ. ನೆಲ ಒಣಗಿದೆ ಅಂತ ನೆಮ್ಮದಿಯಾಗಿರಬೇಡಿ.

ಲೈಕಮಿಂಗ್ ಥರದ, ಗಾಳಿಯಿಂದ ತಣ್ಣಗಾಗುವ ಎಂಜಿನ್ ಆದರೆ ಪ್ಲಗ್ ಬಿಚ್ಚಿ ಸ್ಟಾರ್ಟರ್‌ನಿಂದಲೇ ತಿರುಗಿಸಿ ಒತ್ತಡ ಬರಿಸುತ್ತಾರೆ. ಸ್ಟಾರ್ಟರ್ ಬಿಸಿಯಾಗದ ಹಾಗೆ ಬಿಟ್ಟು ಬಿಟ್ಟು ಮಾಡಬೇಕು.

ಕಿಡಿ, ಮತ್ತು ಅದನ್ನು ಆರಿಸುವ ವೈರ್

ಕಿಡಿ ಹುಟ್ಟಿಸುವ ವ್ಯವಸ್ಥೆಯೇ ಇಗ್ನಿಷನ್. ಎಂಜಿನ್‌ನಲ್ಲಿ ಅಂಥವು ಎರಡು, ಒಂದೊಂದಕ್ಕೂ ಒಂದು ಸ್ವಿಚ್. ಈ ಸ್ವಿಚ್ ನಮ್ಮ ಮನೆಯ ಲೈಟ್ ಸ್ವಿಚ್‌ಗೆ ಪೂರ್ತಿ ಉಲ್ಟಾ. ಆಫ್ ಮಾಡಿದಾಗ ಸ್ವಿಚ್ ಒಂದು ವೈರನ್ನು ಎಂಜಿನ್‌ನ ಮೈಗೆ, ಅಂದರೆ ಅರ್ಥ್‌ಗೆ ಜೋಡಿಸುತ್ತದೆ. ಆಗ ಕಿಡಿ ಸಾಯುತ್ತದೆ. ಆ ವೈರ್ ಎಲ್ಲಾದರೂ ಕಿತ್ತುಹೋದರೆ ಇಗ್ನಿಷನ್ ಆನ್ ಆಗಿಯೇ ಇರುತ್ತದೆ, ನಿಮ್ಮ ಕೈಯಲ್ಲಿ ಕೀ ಇದ್ದರೂ ಸರಿಯೇ. ಹಾಗಾಗಿ ಮೀಟರ್ ಹಿಡಿದು ನೋಡಿ. ಬ್ಯಾಟರಿ ಬಿಚ್ಚಿ, ಇಗ್ನಿಷನ್ ಬಾಕ್ಸ್ ಕಡೆಯ ತುದಿ ಬಿಚ್ಚಿ, ಆ ವೈರ್‌ಗೂ ಎಂಜಿನ್ ಮೈಗೂ ನಡುವೆ ಅಳೆಯಿರಿ. ಸ್ವಿಚ್ ಆಫ್ ಇದ್ದಾಗ ಮೀಟರ್ ಕೂಗಬೇಕು, ಆನ್ ಇದ್ದಾಗ ಸುಮ್ಮನಿರಬೇಕು. ಅಳೆಯುವಾಗ ವೈರ್ ಅಲ್ಲಾಡಿಸಿ. ಒಂದು ಕಡೆ ನಾನು ಟರ್ಮಿನಲ್ ಒತ್ತಿದ್ದು ತಾಮ್ರದ ಮೇಲಲ್ಲ, ಪ್ಲಾಸ್ಟಿಕ್ ಹೊದಿಕೆಯ ಮೇಲೆ. ಎರಡೇ ಎಳೆ ತಾಮ್ರ ಲೋಹಕ್ಕೆ ತಾಗುತ್ತಿತ್ತು. ಸುಮ್ನೆ ಇಟ್ಟಾಗ ಮೀಟರ್ ಕೂಗುತ್ತಿತ್ತು, ಬೆರಳಿಂದ ತಟ್ಟಿದರೆ ನಿಲ್ಲುತ್ತಿತ್ತು. ಎಂಜಿನ್‌ನ ಅದುರಿಗೆ ಆ ಜೋಡಣೆ ಎಷ್ಟು ಹೊತ್ತು ಉಳಿಯುತ್ತಿತ್ತು?

ಅರ್ಥ್ ಮಾತು ಬಂದಿದ್ದಕ್ಕೆ ಇನ್ನೊಂದು. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ಎಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ದಪ್ಪ ಕೇಬಲ್ ಇರಲೇಬೇಕು. ಅದು ಇಲ್ಲದಿದ್ದರೆ, ಇಲ್ಲವೇ ಪೇಂಟ್ ಮೇಲೆ ಬಿಗಿದಿದ್ದರೆ, ಸ್ಟಾರ್ಟರ್‌ನ ಅಷ್ಟೂ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಥ್ರಾಟಲ್ ಮತ್ತು ಚೋಕ್ ಕೇಬಲ್. ಕೇಬಲ್ ಕೆಂಪಗೆ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಥ್ರಾಟಲ್ ಅಂಟಿಕೊಂಡು ಬಿಡಬಹುದು. ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಿರಿ.

ಥ್ರಾಟಲ್ ಬಗ್ಗೆಯೂ ಎಚ್ಚರ. ರೋಟಾಕ್ಸ್‌ನ ಬಿಂಗ್ ಕಾರ್ಬುರೇಟರ್‌ಗಳಲ್ಲಿ ಸ್ಪ್ರಿಂಗ್ ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತದೆ. ಹಾರುವಾಗ ಕೇಬಲ್ ತುಂಡಾದರೆ ಎಂಜಿನ್ ಆರಬಾರದು ಅಂತ ಹಾಗೆ ಮಾಡಿದ್ದಾರೆ, ಸರಿಯಾದ ಆಲೋಚನೆ. ಆದರೆ ನೆಲದ ಮೇಲೆ ಕೇಬಲ್ ಕಳಚಿದರೆ ಎಂಜಿನ್ ಪೂರ್ತಿ ಕೂಗುತ್ತದೆ. ಲಿವರ್‌ನ ಬಿಗಿ ಕಡಿಮೆ ಇದ್ದರೂ ಕೈಬಿಟ್ಟ ಕೂಡಲೇ ಅದು ತಾನೇ ಮುಂದೆ ಹೋಗುತ್ತದೆ. ಆಗ ಮಾಡಬೇಕಾದ್ದು ಒಂದೇ, ಎರಡೂ ಇಗ್ನಿಷನ್ ಆಫ್. ಕಣ್ಣುಮುಚ್ಚಿ ಕೈ ನೇರ ಆ ಸ್ವಿಚ್‌ಗಳ ಮೇಲೆ ಹೋಗುವವರೆಗೆ ಕೂತು ಅಭ್ಯಾಸ ಮಾಡಿ.

ವಿಮಾನವನ್ನು ಕಟ್ಟಿಹಾಕಿ

ಬ್ರೇಕ್ ನಂಬಬೇಡಿ. ಅದೂ ನೀವೇ ಜೋಡಿಸಿದ್ದು, ಇನ್ನೂ ಪರೀಕ್ಷೆ ಆಗಿಲ್ಲ. ಎರಡೂ ಚಕ್ರಕ್ಕೆ ಗಟ್ಟಿ ಅಡ್ಡದಿಮ್ಮಿ ಕೊಡಿ. ಬಾಲದಿಂದ ದಪ್ಪ ಹಗ್ಗ ಹಾಕಿ ನೆಲದಲ್ಲಿ ಹೂತ ಗೂಟಕ್ಕೋ ಭಾರವಾದ ವಾಹನದ ಕೊಕ್ಕೆಗೋ ಕಟ್ಟಿ. ಹಗ್ಗ ಬಾಲದ ರಡ್ಡರ್‌ಗೆ, ತೆಳು ತಗಡಿಗೆ ತಾಗಬಾರದು, ಚೌಕಟ್ಟಿನ ಗಟ್ಟಿ ಜಾಗವೇ ಆಗಬೇಕು. ಮೂಗು ಗಾಳಿ ಬರುವ ದಿಕ್ಕಿಗಿರಲಿ. ಪ್ರೊಪೆಲ್ಲರ್ ಕೆಳಗೆ ಜಲ್ಲಿ, ಮರಳು ಇದ್ದರೆ ಗುಡಿಸಿ. ಅದು ಮೇಲೆದ್ದು ಅಲಗಿನ ಅಂಚು ಕೆತ್ತುತ್ತದೆ. ಬಾಗಿಲು ಮುಚ್ಚಿದ ಶೆಡ್ ಒಳಗೆ ಸ್ಟಾರ್ಟ್ ಮಾಡುವ ಮಾತೇ ಬೇಡ.

ಪ್ರೊಪೆಲ್ಲರ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ನೋಡಿ, ಲಾಕ್ ವೈರ್ ಹಾಕಿ. ಹತ್ತಿರ ಬಿಟ್ಟುಹೋದ ಸ್ಪ್ಯಾನರ್, ಬಟ್ಟೆ, ಟಾರ್ಚ್ ಎಲ್ಲ ಎಣಿಸಿ ತೆಗೆಯಿರಿ.

ಜೊತೆಗಾರರು ಎಲ್ಲಿ ನಿಲ್ಲಬೇಕು ಅನ್ನುವುದು ಮುಖ್ಯ. ಪ್ರೊಪೆಲ್ಲರ್ ಎದುರಿಗೆ ಬೇಡ, ಅದು ತಿರುಗುವ ನೇರಕ್ಕೆ ಅಕ್ಕಪಕ್ಕದಲ್ಲೂ ಬೇಡ. ಅಲಗಿನ ಚೂರು ಹಾರಿದರೆ ಆ ನೇರದಲ್ಲೇ ಹಾರುತ್ತದೆ. ರೆಕ್ಕೆಯ ತುದಿಯ ಹತ್ತಿರ, ನಿಮಗೆ ಕಾಣುವ ಹಾಗೆ, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ನಿಲ್ಲಲಿ. ಕಾರ್ಬನ್ ಡೈಆಕ್ಸೈಡ್‌ನದ್ದು ಒಳ್ಳೆಯದು, ಒಣಪುಡಿಯದ್ದು ಬೆಂಕಿ ಆರಿಸಿದರೂ ಎಂಜಿನ್ ಒಳಗೆ ಸೇರಿಕೊಂಡು ತುಕ್ಕು ಹಿಡಿಸುತ್ತದೆ. ಸನ್ನೆ ಮೊದಲೇ ಮಾತಾಡಿಕೊಳ್ಳಿ. ಕತ್ತಿನ ಅಡ್ಡಕ್ಕೆ ಕೈ ಆಡಿಸಿದರೆ ಎಂಜಿನ್ ಆಫ್, ಯಾಕೆ ಅಂತ ಆಮೇಲೆ ಕೇಳಿದರಾಯ್ತು.

ಕಾರ್ಬುರೇಟರ್‌ಗೆ ಬೆಂಕಿ ಹತ್ತಿಕೊಂಡರೆ ಏನು ಮಾಡಬೇಕು ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಿ: ಪೆಟ್ರೋಲ್ ವಾಲ್ವ್ ಬಂದ್, ಪಂಪ್ ಆಫ್, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸುತ್ತಲೇ ಇರಿ. ಎಂಜಿನ್ ಆ ಬೆಂಕಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆರದಿದ್ದರೆ ಎಲ್ಲ ಆಫ್ ಮಾಡಿ ಹೊರಗೆ ಬನ್ನಿ.

ಸ್ಟಾರ್ಟ್

ಮೊದಲ ಸಲ ಕೌಲಿಂಗ್, ಅಂದರೆ ಎಂಜಿನ್‌ನ ಹೊರ ಹೊದಿಕೆ, ಹಾಕಬೇಡಿ, ಎಂಜಿನ್ ಬರಿಮೈಯಲ್ಲಿರಲಿ, ಸೋರಿದರೆ ಕಾಣಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಯುಎಲ್‌ಎಸ್ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗದಿದ್ದರೆ ಕಿಡಿಯೇ ಬರುವುದಿಲ್ಲ. ಬ್ಯಾಟರಿ ಕೊರಗಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಏಟು ಗೇರ್‌ಬಾಕ್ಸ್‌ಗೆ ಬೀಳುತ್ತದೆ.

ಎಂಜಿನ್ ತಣ್ಣಗಿದ್ದರೆ ಚೋಕ್ ಪೂರ್ತಿ, ಥ್ರಾಟಲ್ ಪೂರ್ತಿ ಹಿಂದೆ. ಥ್ರಾಟಲ್ ತೆರೆದರೆ ಈ ಕಾರ್ಬುರೇಟರ್‌ನ ಚೋಕ್ ಕೆಲಸ ಮಾಡುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಪಂಪ್ ಆನ್, ಪೆಟ್ರೋಲ್ ಒತ್ತಡ 0.15ರಿಂದ 0.4 ಬಾರ್ ಒಳಗಿದೆಯಾ ನೋಡಿ. ವಿಮಾನ ನಡೆಸುವ ಸ್ಟಿಕ್ ಹಿಂದಕ್ಕೆ ಎಳೆದು ಹಿಡಿಯಿರಿ. ಸುತ್ತ ನೋಡಿ, ಜೋರಾಗಿ ಕೂಗಿ ಎಚ್ಚರಿಸಿ, ಜೊತೆಗಾರರ ಸನ್ನೆ ಬಂದ ಮೇಲೆ ಕೀ ತಿರುಗಿಸಿ. 10 ಸೆಕೆಂಡ್‌ಗಿಂತ ಜಾಸ್ತಿ ತಿರುಗಿಸಬೇಡಿ. ಹತ್ತಿಕೊಳ್ಳದಿದ್ದರೆ 2 ನಿಮಿಷ ಬಿಟ್ಟು ಮತ್ತೆ.

ಹತ್ತಿಕೊಂಡ ಕ್ಷಣ ಕಿವಿ ಪ್ರೊಪೆಲ್ಲರ್ ಕಡೆ ಹೋಗುತ್ತದೆ, ಕಣ್ಣು ಹೊರಗೆ ಹೋಗುತ್ತದೆ. ಬೇಡ. ಕಣ್ಣು ಆಯಿಲ್ ಪ್ರೆಶರ್ ಗೇಜ್ ಮೇಲಿರಬೇಕು, ಬೇರೆಲ್ಲೂ ಅಲ್ಲ. 10 ಸೆಕೆಂಡ್ ಒಳಗೆ ಮುಳ್ಳು ಏಳಬೇಕು. ಏಳದಿದ್ದರೆ ಆಫ್. ಗೇಜ್ ಕೆಟ್ಟಿರಬಹುದು, ವೈರ್ ಬಿಟ್ಟಿರಬಹುದು ಅಂತ ಆಗ ಯೋಚನೆ ಮಾಡುತ್ತಾ ಕೂರಬೇಡಿ, ಆ ಯೋಚನೆಯನ್ನು ಎಂಜಿನ್ ನಿಂತ ಮೇಲೆ ಮಾಡಿ. ಲೈಕಮಿಂಗ್‌ಗಾದರೆ 30 ಸೆಕೆಂಡ್. ತಣ್ಣಗಿರುವಾಗ ಒತ್ತಡ ಜಾಸ್ತಿಯೇ ತೋರಿಸುತ್ತದೆ, 7 ಬಾರ್‌ವರೆಗೆ ಸ್ವಲ್ಪ ಹೊತ್ತು ಪರವಾಗಿಲ್ಲ.

ಒತ್ತಡ ಬಂತು, ಸೋರಿಕೆ ಇಲ್ಲ ಅಂತ ಜೊತೆಗಾರರು ಹೆಬ್ಬೆರಳು ತೋರಿಸಿದರು ಅಂದುಕೊಳ್ಳಿ. ಮೊದಲ ಓಟಕ್ಕೆ ಒಂದೆರಡು ನಿಮಿಷ ಸಾಕು. ಆಫ್ ಮಾಡಿ. ಕೀ ತೆಗೆದು ಜೇಬಿಗೆ ಹಾಕಿ, ಪ್ರೊಪೆಲ್ಲರ್ ಪೂರ್ತಿ ನಿಂತ ಮೇಲೆ ಇಳಿಯಿರಿ. ಬಿಳಿ ಟಿಶ್ಯೂ ಹಿಡಿದು ಪ್ರತಿ ಜೋಡಣೆ ಒರೆಸುತ್ತಾ ಬನ್ನಿ. ಕಣ್ಣಿಗೆ ಕಾಣದ ಜಿನುಗು ಟಿಶ್ಯೂ ಮೇಲೆ ಕಾಣುತ್ತದೆ. ಕೂಲೆಂಟ್ ಮತ್ತು ಆಯಿಲ್ ಮಟ್ಟ ಇಳಿದಿರುತ್ತದೆ, ಗಾಳಿ ಗುಳ್ಳೆ ಹೊರಬಂದಿದ್ದಕ್ಕೆ. ತಣ್ಣಗಾದ ಮೇಲೆ ತುಂಬಿಸಿ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ತೆಗೆಯಲೇಬೇಡಿ. ಆಯಿಲ್ ಅಳೆಯುವ ಮೊದಲು ಇಗ್ನಿಷನ್ ಆಫ್ ಇದೆ ಅಂತ ನೋಡಿಕೊಂಡು, ಟ್ಯಾಂಕ್‌ನಲ್ಲಿ ಗುಳುಗುಳು ಸದ್ದು ಬರುವವರೆಗೆ ಪ್ರೊಪೆಲ್ಲರ್ ತಿರುಗಿಸಿ. ಆಗಲೇ ಎಂಜಿನ್ ಕೆಳಗಿನ ಆಯಿಲ್ ಟ್ಯಾಂಕ್‌ಗೆ ಬರುತ್ತದೆ.

ಎರಡನೇ ಓಟ, ಮತ್ತು ಅಂಕಿಗಳು

ಈಗ ಬಿಸಿ ಮಾಡಬೇಕು. 2000 ಆರ್‌ಪಿಎಂನಲ್ಲಿ ಎರಡು ನಿಮಿಷ, ಆಮೇಲೆ 2500ರಲ್ಲಿ ಆಯಿಲ್ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ. ಅಲ್ಲಿವರೆಗೆ ಥ್ರಾಟಲ್ ಮುಂದೆ ತಳ್ಳಬೇಡಿ. ಈ ಹೊತ್ತಲ್ಲಿ ವೋಲ್ಟೇಜ್ ನೋಡಿ, ಚಾರ್ಜ್ ಆಗುತ್ತಿದ್ದರೆ 14ರ ಆಸುಪಾಸು ಇರುತ್ತದೆ. ರೇಡಿಯೊ ಹಾಕಿ ಕೇಳಿ, ಎಂಜಿನ್ ಜೊತೆ ಏರಿಳಿಯುವ ಗುಂಯ್ ಸದ್ದು ಬಂದರೆ ಎಲ್ಲೋ ಅರ್ಥ್ ಸರಿಯಿಲ್ಲ. ಆರ್‌ಪಿಎಂ ಮೀಟರ್ ನಿಜ ಹೇಳುತ್ತಿದೆಯಾ ಅಂತಲೂ ನೋಡಬೇಕು. ಯುಎಲ್‌ಎಸ್‌ನ ಗೇರ್ 2.43ಕ್ಕೆ 1. ಅಂದರೆ ಎಂಜಿನ್ 2000 ಇದ್ದಾಗ ಪ್ರೊಪೆಲ್ಲರ್ 823 ಸುತ್ತಬೇಕು. ಬೆಳಕಿನಿಂದ ಅಳೆಯುವ ಟ್ಯಾಕೊಮೀಟರ್ ಇದ್ದರೆ ದೂರದಿಂದಲೇ ಹಿಡಿದು ತಾಳೆ ನೋಡಬಹುದು.

50 ಡಿಗ್ರಿ ಆಯಿತು. 4000 ಆರ್‌ಪಿಎಂಗೆ ತನ್ನಿ. ಒಂದು ಇಗ್ನಿಷನ್ ಆಫ್ ಮಾಡಿ, ಎಷ್ಟು ಇಳಿಯಿತು ನೋಡಿ, ಮತ್ತೆ ಆನ್. ಇನ್ನೊಂದು ಹಾಗೇ. ಇಳಿತ 300ಕ್ಕಿಂತ ಜಾಸ್ತಿ ಆಗಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು. ಸ್ವಿಚ್ ಆಫ್ ಮಾಡಿದರೂ ಆರ್‌ಪಿಎಂ ಒಂಚೂರೂ ಇಳಿಯಲಿಲ್ಲ ಅಂದರೆ ಖುಷಿ ಪಡಬೇಡಿ. ಆ ಇಗ್ನಿಷನ್ ಆಫ್ ಆಗಲೇ ಇಲ್ಲ ಅಂತ ಅರ್ಥ. ಮೇಲೆ ಹೇಳಿದ ಅರ್ಥ್ ವೈರ್ ಕಿತ್ತಿದೆ. ಅಂಥ ಪ್ರೊಪೆಲ್ಲರ್ ಹತ್ತಿರ ಯಾರನ್ನೂ ಬಿಡಬೇಡಿ. ಕೊನೆಗೆ ಐಡಲ್‌ಗೆ, ಅಂದರೆ ಥ್ರಾಟಲ್ ಪೂರ್ತಿ ಹಿಂದಿರುವಾಗಿನ ನಿಧಾನ ಓಟಕ್ಕೆ, ತಂದು ಎರಡನ್ನೂ ಒಂದು ಕ್ಷಣ ಆಫ್ ಮಾಡಿ ನೋಡಿ, ಎಂಜಿನ್ ಸಾಯಲು ಹೊರಡಬೇಕು.

ಎರಡು ಕಾರ್ಬುರೇಟರ್ ಸಮ ಎಳೆಯುವ ಹಾಗೆ ವ್ಯಾಕ್ಯೂಮ್ ಗೇಜ್ ಹಾಕಿ ಹೊಂದಿಸುವ ಕೆಲಸವನ್ನೂ ಇದೇ ಹಂತದಲ್ಲಿ ಮುಗಿಸಿ. ಐಡಲ್‌ನಲ್ಲಿ ಎಂಜಿನ್ ಗಡಗಡ ಅಂದರೆ "ಹೊಸದಲ್ವಾ, ಸರಿಹೋಗುತ್ತದೆ" ಅಂತ ಬಿಡಬೇಡಿ, ಅದು ಗೇರ್‌ಬಾಕ್ಸ್ ತಿನ್ನುತ್ತದೆ. ಐಡಲ್ 1400ಕ್ಕಿಂತ ಕೆಳಗೆ ಬೇಡ.

ಫುಲ್ ಥ್ರಾಟಲ್ ಕೊನೆಗೆ, ಕೌಲಿಂಗ್ ಹಾಕಿದ ಮೇಲೆ, ಕೆಲವೇ ಸೆಕೆಂಡ್. ಕೌಲಿಂಗ್ ಇಲ್ಲದೆ ಗಾಳಿ ಹೋಗಬೇಕಾದ ಕಡೆ ಹೋಗುವುದಿಲ್ಲ. 5800 ದಾಟಬಾರದು. ಇಷ್ಟು ಬರುವಾಗ ಹಗ್ಗದ ಬಿಗಿ, ಬಾಲದ ಅದುರು ಜೊತೆಗಾರರು ನೋಡುತ್ತಿರಲಿ. ಗಾಳಿಯಿಂದ ತಣ್ಣಗಾಗುವ ಹೊಸ ಎಂಜಿನ್ ಇರುವವರು ನೆಲದ ಓಟ ಆದಷ್ಟು ಚಿಕ್ಕದಾಗಿಡಿ. ನಿಂತಲ್ಲೇ ತುಂಬ ಓಡಿಸಿದರೆ ಸಿಲಿಂಡರ್ ಗೋಡೆ ಗಾಜಿನ ಹಾಗೆ ನುಣುಪಾಗಿ, ರಿಂಗ್‌ಗಳು ಕೂರದೆ, ಮುಂದೆ ಆಯಿಲ್ ಕುಡಿಯುತ್ತದೆ.

ಪ್ರತಿ ಓಟದ ಅಂಕಿ ಬರೆದಿಡಿ: ಆರ್‌ಪಿಎಂ, ಒತ್ತಡ, ಬಿಸಿ, ವೋಲ್ಟೇಜ್, ಎರಡೂ ಇಗ್ನಿಷನ್‌ನ ಇಳಿತ. ನೆನಪಲ್ಲಿಡುತ್ತೇನೆ ಅಂದುಕೊಂಡರೆ ಉಳಿಯುವುದಿಲ್ಲ. ಜೊತೆಗಾರರು ರೆಕ್ಕೆ ತುದಿ ಬಿಡಬಾರದು, ಹಾಗಾಗಿ ಗೇಜ್‌ಗಳ ಎದುರು ಒಂದು ಕ್ಯಾಮೆರಾ ಕಟ್ಟಿ, ಆಮೇಲೆ ನೋಡಿ ಬರೆಯಿರಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಕ್ಸಾಸ್ಟ್ ಜೋಡಣೆಗಳ ಸುತ್ತ ಬೂದು, ಕಂದು ಕಲೆ ಇದೆಯಾ ನೋಡಿ, ಹೊಗೆ ಅಲ್ಲಿಂದ ನುಸುಳಿದೆ ಅಂತ ಗೊತ್ತಾಗುತ್ತದೆ. ಆ ಹೊಗೆ ಕಾಕ್‌ಪಿಟ್‌ಗೆ ಬಂದರೆ ವಾಸನೆ ಬರದೆಯೂ ತಲೆ ತಿರುಗಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ತೋರಿಸುವ ಯಂತ್ರ ಒಂದು ಈಗಿನಿಂದಲೇ ಇಟ್ಟುಕೊಳ್ಳಿ. ಪೆಟ್ರೋಲ್ ಫಿಲ್ಟರ್ ಮತ್ತೆ ಬಿಚ್ಚಿ ನೋಡಿ. ಆಯಿಲ್‌ನ ಅಯಸ್ಕಾಂತದ ಪ್ಲಗ್ ಮೇಲೆ ಕೂದಲಿನಷ್ಟು ನಯವಾದ ಪುಡಿ ಹೊಸ ಎಂಜಿನ್‌ಗೆ ಸಹಜ. ಚೂರು ಕಂಡರೆ ಅಲ್ಲಿಗೇ ನಿಲ್ಲಿಸಿ.

ಇದೆಲ್ಲ ಸರಿಯಾದ ಮೇಲಷ್ಟೇ ಹಗ್ಗ ಬಿಚ್ಚಿ. ನಡೆಯುವ ವೇಗದಲ್ಲಿ ಹತ್ತು ಮೀಟರ್ ಹೋಗಿ ಬ್ರೇಕ್ ಒತ್ತಿ, ಮತ್ತೆ ಹತ್ತು ಮೀಟರ್, ಮತ್ತೆ ಬ್ರೇಕ್, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಜೋರಾಗಿ ಓಡಿಸುವ ಆಸೆ ಬಂದೇ ಬರುತ್ತದೆ, ಆದರೆ ಹಗುರ ವಿಮಾನ ನೀವು ಎಣಿಸಿದ್ದಕ್ಕಿಂತ ಬೇಗ ನೆಲ ಬಿಡುತ್ತದೆ, ಇವತ್ತು ಅದಕ್ಕೆ ನೀವೂ ತಯಾರಿಲ್ಲ, ಅದೂ ತಯಾರಿಲ್ಲ. ವಾಪಸ್ ತಂದು ನಿಲ್ಲಿಸಿ, ಇಳಿದು, ಎರಡೂ ಬ್ರೇಕ್ ಡಿಸ್ಕ್‌ಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ, ಕಾಲು ತೆಗೆದ ಮೇಲೂ ಆ ಬ್ರೇಕ್ ಹಿಡಿದುಕೊಂಡೇ ಇರಬಹುದು, ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ.